ಪರದೆಯ ಅಂಚಿನ ಭಾರ

ಅವಳನ್ನು ಎಲ್ಲರೂ ನೀಲಿ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರಲ್ಲ ಅದು, ದಾರದ ಬಣ್ಣ ಕೊಟ್ಟ ಹೆಸರು. ಪರದೆ ಅಂಗಡಿಯ ದೊಡ್ಡಮ್ಮನ ಕೈಕೆಳಗಿನ ಹೆಂಗಸರೆಲ್ಲ ಅವರವರ ಮನೆಯಲ್ಲೇ ಕೂತು ಹೊಲಿಯುತ್ತಿದ್ದರು. ಅಳತೆಗೆ ಕತ್ತರಿಸಿದ ಬಟ್ಟೆಯನ್ನು ದೊಡ್ಡಮ್ಮ ಗಂಟು ಕಟ್ಟಿ, ಗಂಟಿಗೊಂದು ಬಣ್ಣದ ದಾರ ಸುತ್ತಿ ಕಳಿಸುವಳು. ಹಳದಿ ದಾರದ ಗಂಟು ಸೇತುವೆಯಾಚೆಯ ವಿಧವೆಗೆ, ಹಸಿರು ದಾರದ್ದು ಬೇಕರಿ ಮೇಲಿನ ಅಕ್ಕತಂಗಿಯರಿಗೆ, ನೀಲಿ ದಾರದ್ದು ಇವಳಿಗೆ. ಹೊಲಿದು ಮುಗಿಸಿದ ಪರದೆಯೂ ಅದೇ ಬಣ್ಣದ ದಾರ ಕಟ್ಟಿಸಿಕೊಂಡೇ ಅಂಗಡಿಗೆ ಮರಳಬೇಕು. ಗಂಟಿನ ಮೇಲೆ ಹೆಸರಿಲ್ಲ, ವಿಳಾಸವಿಲ್ಲ. ಯಾವ ಬಣ್ಣ ಯಾವ ಬಾಗಿಲಿಗೆ ಎನ್ನುವುದು ದೊಡ್ಡಮ್ಮನ ತಲೆಯಲ್ಲಿತ್ತು, ಸಾಮಾನಿನ ಗಾಡಿ ಓಡಿಸುವ ಗಂಟು ಮಾಮನ ತಲೆಯಲ್ಲಿತ್ತು, ಮೂರನೆಯ ತಲೆಗೆ ಅದು ಗೊತ್ತಿರಲಿಲ್ಲ.

ಹೆಸರನ್ನು ಬಿಟ್ಟು ಓಡಿಬಂದವಳಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಗಂಡ ಅವಳ ಮೈಮೇಲೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದಾಗ ಮಗಳು ಪುಟ್ಟಿಗೆ ಇನ್ನೂ ಹಾಲುಹಲ್ಲು. ಎಡಗಿವಿಯ ಹಿಂದಿನಿಂದ ಭುಜದ ತನಕ ನೀಲಿಯ ಚರ್ಮ, ಇಸ್ತ್ರಿ ಹೆಚ್ಚು ಕಾದು ಸುಟ್ಟ ರೇಷ್ಮೆಯ ಹಾಗೆ ಮುದುಡಿಕೊಂಡಿತ್ತು. ಅವನು ಜೈಲಿಗೆ ಹೋದ, ಹೋದಷ್ಟೇ ಬೇಗ ಹೊರಗೂ ಬಂದ. ಬಂದವನು ಅವಳ ತವರಿಗೆ ಹೋಗಿ ಹೊಸ್ತಿಲ ಮೇಲೆ ನಿಂತು, ಪಾತಾಳದಲ್ಲಿದ್ದರೂ ಹುಡುಕಿ ತರುತ್ತೇನೆಂದು ಹೇಳಿ, ಕೊಟ್ಟ ನೀರು ಕುಡಿದು ಹೋಗಿದ್ದ. ಕೂಗಾಡಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವನು ಕೂಗುವ ಜಾತಿಯವನಲ್ಲ.

ಆ ದಿನಗಳಲ್ಲಿ ನೀಲಿ ದೊಡ್ಡಮ್ಮನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಯ ಸುರುಳಿಗಳ ನಡುವೆ ಮಗಳನ್ನು ತಬ್ಬಿಕೊಂಡು ಮಲಗುತ್ತಿದ್ದಳು. ದೊಡ್ಡಮ್ಮ ರಕ್ತಸಂಬಂಧಿಯೇನಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವಳನ್ನು ನೋಡಲು ಬಂದು, ಇವಳ ಪಾಡು ಕಂಡು, ಕೇಳದೆಯೇ ಕರೆದೊಯ್ದವಳು. ಕೇಸು ನೋಡುತ್ತಿದ್ದ ಪೊಲೀಸಮ್ಮ, ತಮ್ಮ ಕೈಯಲ್ಲಿ ಕಾವಲು ಕೂರಲು ಆಗದು ಎಂದು ಒಪ್ಪಿಕೊಂಡು, ತಾನೇ ಮುಂದೆ ನಿಂತು ನೀಲಿಗೊಂದು ರಿವಾಲ್ವರಿನ ಲೈಸೆನ್ಸ್ ಮಾಡಿಸಿಕೊಟ್ಟಳು. ಅಂಗೈಯಗಲದ ಕಪ್ಪು ವಸ್ತು. ಹೊಲಿಗೆಯ ಕತ್ತರಿಗಿಂತ ಸ್ವಲ್ಪ ಹೆಚ್ಚು ತೂಕ.

ಪುಟ್ಟಿ ಶಾಲೆಗೆ ಸೇರುವ ಹೊತ್ತಿಗೆ ತಾಯಿ ಮಗಳು ಊರಿನ ಇನ್ನೊಂದು ತುದಿಗೆ, ನಿವೃತ್ತ ಬಸ್ ಕಂಡಕ್ಟರ್ ಒಬ್ಬರ ಮಹಡಿಯ ಮೇಲೆ ಬಾಡಿಗೆಗೆ ಬಂದರು. ಮನೆ ಬದಲಾದರೆ ಲೈಸೆನ್ಸಿನ ವಿಳಾಸವನ್ನೂ ಬದಲಿಸಬೇಕು ಎನ್ನುವುದು ಕಾನೂನು. ದೊಡ್ಡಮ್ಮ ಅಡ್ಡ ನಿಂತಳು.

"ನಿನ್ನ ಹೊಸ ಬಾಗಿಲು ಇನ್ನೊಂದು ಪುಸ್ತಕಕ್ಕೆ ಏರೋದು ಬೇಡ ಕಣೇ. ನನ್ನ ಮನೆಯದೇ ಇರಲಿ. ಈ ವಯಸ್ಸಲ್ಲಿ ನನ್ನ ಹುಡ್ಕೊಂಡು ಯಾವ ಗಂಡ ಬರ್ತಾನೆ? ಬಂದ್ರೆ ಕೂರಿಸ್ಕೊಂಡು ಎರಡು ಅಂಚು ಹೊಲಿಸ್ತೀನಿ."

ನಕ್ಕು ಹಾಗೆಯೇ ಬಿಟ್ಟರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಹಾಗಿತ್ತು ಆ ಉಪಾಯ.

ರಿವಾಲ್ವರ್ ಹೊಲಿಗೆ ಯಂತ್ರದ ಕೆಳಗಿನ ಪೆಟ್ಟಿಗೆಯಲ್ಲಿ, ಬೀಗದೊಳಗೆ ಇರುತ್ತಿತ್ತು. ಗುಂಡುಗಳನ್ನು ಬೇರೆ ಜಾಗದಲ್ಲಿಡು ಎಂದಿದ್ದಳು ಪೊಲೀಸಮ್ಮ. ಒಂದೇ ಕೋಣೆಯ ಮನೆಯಲ್ಲಿ, ಎಲ್ಲದಕ್ಕೂ ಕೈ ಹಾಕುವ ಮಗು ಇರುವಲ್ಲಿ ಬೇರೆ ಜಾಗ ಎಂದರೆ ಯಾವುದು? ನೀಲಿ ತನಗೆ ಗೊತ್ತಿದ್ದ ಕಡೆ ಬಚ್ಚಿಟ್ಟಳು. ಒಳ್ಳೆಯ ಪರದೆಯ ಕೆಳ ಅಂಚಿನೊಳಗೆ ಸಣ್ಣ ಸಣ್ಣ ಸೀಸದ ತುಂಡುಗಳನ್ನು ಇಟ್ಟು ಹೊಲಿಯುತ್ತಾರೆ. ಆ ಭಾರಕ್ಕೆ ಪರದೆ ಗಾಳಿಗೆ ಹಾರದೆ ನೆಟ್ಟಗೆ ನಿಲ್ಲುತ್ತದೆ. ತನ್ನ ಕಿಟಕಿಗೆ ತಾನೇ ಹೊಲಿದ ಬೂದುಬಣ್ಣದ ಪರದೆಯಲ್ಲಿ ಅವಳು ಸೀಸದ ತುಂಡಿನ ಬದಲು ಗುಂಡುಗಳನ್ನಿಟ್ಟು ಅಂಚು ಮಡಿಚಿದಳು. ಬೀದಿಯಿಂದ ನೋಡಿದವರಿಗೆ ಅದು ಪರದೆ. ಒಳಗಿನಿಂದ ನೋಡಿದವರಿಗೂ ಪರದೆಯೇ. ಸಂಜೆಯ ಗಾಳಿ ಬೀಸಿದರೆ ಪಕ್ಕದ ಮನೆಗಳ ಪರದೆಗಳೆಲ್ಲ ಹಾರಾಡುತ್ತಿದ್ದವು. ನೀಲಿಯದು ಮಾತ್ರ ತಪಸ್ಸಿಗೆ ನಿಂತ ಹಾಗೆ ನಿಂತಿರುತ್ತಿತ್ತು.

ಆ ಪರದೆಯ ಕೆಳಗೆ ಮಲಗಿಕೊಂಡು ಪುಟ್ಟಿ ಕಥೆ ಕೇಳುವಳು. ನೀಲಿಗೆ ಅವಳ ಅಜ್ಜಿ ಹೇಳಿದ ಕಥೆಗಳೇ. ಎಲ್ಲಕ್ಕಿಂತ ಹೆಚ್ಚು ಸಲ ಹೇಳಿಸಿಕೊಂಡದ್ದು ರಾಕ್ಷಸನದು. ಕದ್ದು ತಂದ ರಾಜಕುಮಾರಿ ಅವನ ತಲೆ ನೇವರಿಸುತ್ತ, ನಿನ್ನ ಪ್ರಾಣ ಎಲ್ಲಿದೆ ಎಂದು ಕೇಳುತ್ತಾಳೆ. ಅವನು ಮೊದಲು ಬಾಗಿಲ ಕಂಬದಲ್ಲಿದೆ ಎಂದು ಸುಳ್ಳು ಹೇಳುತ್ತಾನೆ, ಆಮೇಲೆ ಒರಳುಕಲ್ಲಿನಲ್ಲಿದೆ ಎನ್ನುತ್ತಾನೆ. ಕೊನೆಗೊಂದು ದಿನ ನಿಜ ಹೇಳಿಬಿಡುತ್ತಾನೆ: ಏಳು ಸಮುದ್ರದಾಚೆ ಒಂದು ಮರ, ಮರದ ಪೊಟರೆಯಲ್ಲೊಂದು ಪಂಜರ, ಪಂಜರದಲ್ಲೊಂದು ಗಿಳಿ.

"ಯಾಕಮ್ಮ ಹೇಳ್ದ?" ಎಂದು ಪುಟ್ಟಿ ಪ್ರತಿ ಸಲವೂ ಕೇಳುವಳು. "ಹೇಳದೇ ಇದ್ದಿದ್ರೆ ಸಾಯ್ತಾನೇ ಇರ್ಲಿಲ್ಲ ಅಲ್ವಾ?"

ನೀಲಿ ಅಜ್ಜಿಯ ಉತ್ತರವನ್ನೇ ಕೊಡುವಳು. ಎಲ್ಲರಿಂದಲೂ ಮುಚ್ಚಿಟ್ಟದ್ದನ್ನು ಯಾರಾದರೊಬ್ಬರಿಗೆ ಹೇಳಲೇಬೇಕಾಗುತ್ತದೆ ಮಗಳೇ, ಇಲ್ಲದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಪುಟ್ಟಿಗೆ ಅದು ಸರಿ ಎನಿಸುತ್ತಿರಲಿಲ್ಲ. ತಾನಾಗಿದ್ದರೆ ಒರಳುಕಲ್ಲು ಅಂತಲೇ ಹೇಳುತ್ತಿದ್ದೆ ಎಂದು ಮಗ್ಗುಲು ಬದಲಿಸುವಳು.

ಆ ಭಾನುವಾರ ಬೆಳಿಗ್ಗೆ ಕೆಳಮನೆಯಿಂದ ಕಂಡಕ್ಟರ್ ಅಣ್ಣನ ದನಿ ಮೇಲಕ್ಕೇರಿ ಬಂತು. ಇಡೀ ಜನ್ಮ ಬಸ್ಸಿನ ಗದ್ದಲವನ್ನು ಮೀರಿಸಿ ಕೂಗಿದ ಗಂಟಲು. ಪಿಸುಗುಟ್ಟಿದರೂ ಮೂರು ಮನೆಗೆ ಕೇಳುವಂಥದು. ನೀಲಿ ಮೆಟ್ಟಿಲ ಮೇಲಿಂದ ಇಣುಕಿದಳು. ಅಂಗಳದಲ್ಲಿ ಜನ ಸೇರಿದ್ದರು. ಕಂಡಕ್ಟರ್ ಅಣ್ಣನ ಕೈಯಲ್ಲಿ ಪತ್ರಿಕೆ, ಅದರ ನಡುಪುಟದಲ್ಲಿ ಊರಿನ ನಕ್ಷೆ, ನಕ್ಷೆಯ ತುಂಬ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕಿಗಳು. ಮೇಲೆ ದಪ್ಪ ಅಕ್ಷರದಲ್ಲಿ, ನಿಮ್ಮ ಪಕ್ಕದ ಮನೆಯಲ್ಲಿ ಬಂದೂಕು ಇದೆಯೇ ಎಂಬ ಪ್ರಶ್ನೆ. ಹಿಂದಿನ ತಿಂಗಳು ಒಂದು ಮದುವೆ ಮನೆಯಲ್ಲಿ ಯಾರದೋ ಲೈಸೆನ್ಸ್ ಪಿಸ್ತೂಲಿನಿಂದ ಗುಂಡು ಹಾರಿ ಹುಡುಗಿಯೊಬ್ಬಳು ಸತ್ತಿದ್ದಳು. ಜನ ರೊಚ್ಚಿಗೆದ್ದಿದ್ದರು. ಪತ್ರಿಕೆಯವರು ಕಚೇರಿಗೆ ಅರ್ಜಿ ಹಾಕಿ, ಬಂದೂಕಿಗೆ ಪರವಾನಗಿ ಪಡೆದ ಅಷ್ಟೂ ಮಂದಿಯ ಹೆಸರು ವಿಳಾಸ ತರಿಸಿಕೊಂಡು ಅಚ್ಚು ಹಾಕಿದ್ದರು. ಪುಟದಲ್ಲಿ ಹಿಡಿಯದ್ದನ್ನೆಲ್ಲ ಫೋನಿನಲ್ಲಿ ಹುಡುಕಿಕೊಳ್ಳಬಹುದಿತ್ತು.

ಕಂಡಕ್ಟರ್ ಅಣ್ಣನ ಹೆಸರೂ ಅದರಲ್ಲಿತ್ತು. ಅವರಪ್ಪನ ಕಾಲದ ನಾಡಬಂದೂಕು; ನಳಿಗೆಯೊಳಗೆ ಜೇಡ ಸಂಸಾರ ಹೂಡಿದೆ ಎಂದು ಅವರು ಆಣೆ ಇಟ್ಟು ಹೇಳುತ್ತಿದ್ದರು. ಯಾರು ನಂಬಬೇಕು?

"ಓಹೋ, ಅದಕ್ಕೇ ಅಣ್ಣ ನಿಮ್ಮ ಬಸ್ಸಲ್ಲಿ ಯಾರೂ ಚಿಲ್ಲರೆ ಕೇಳ್ತಿರಲಿಲ್ಲ," ಎಂದ ಎದುರುಮನೆಯ ಇಸ್ತ್ರಿಯವನು.

ಎಲ್ಲರೂ ನಕ್ಕರು. ಕಂಡಕ್ಟರ್ ಅಣ್ಣ ನಗಲಿಲ್ಲ. ಬೆಳಗಿನಿಂದ ಗುರುತಿಲ್ಲದವರು ಫೋನ್ ಮಾಡಿ ಕೊಲೆಗಾರ ಎಂದು ಬೈಯುತ್ತಿದ್ದರು, ಒಬ್ಬನಂತೂ ಬಂದೂಕು ಮಾರುತ್ತೀಯಾ ಎಂದು ಕೇಳಿದ್ದ. ಅವರು ಫೋನನ್ನು ಆರಿಸಿ ಅಕ್ಕಿ ಡಬ್ಬದಲ್ಲಿ ಹಾಕಿ ಮುಚ್ಚಳ ಹಾಕಿದ್ದರು. ಅವರ ಹೆಂಡತಿ ಒಳಗೆ ಅಳುತ್ತಿದ್ದಳು.

ನಿಜ ಹೇಳಬೇಕೆಂದರೆ ನೀಲಿಗೆ ಮೊದಲು ಬಂದ ಯೋಚನೆ ತನ್ನ ಬಗ್ಗೆ ಅಲ್ಲ. ಪುಟ್ಟಿ ಆಡಲು ಹೋಗುವ ಮನೆಗಳಲ್ಲಿ ಯಾರ ಮನೆಯಲ್ಲಿದೆಯೋ ನೋಡಬೇಕು ಎನಿಸಿತ್ತು. ಒಳ್ಳೆಯದೇ ಮಾಡಿದ್ದಾರೆ, ತಿಳಿದಿದ್ದರೆ ಹುಷಾರಾಗಿರಬಹುದು ಎಂದುಕೊಂಡೇ ಅವಳು ಫೋನು ತೆಗೆದಳು. ಗೆಳತಿಯ ಅಪ್ಪನ ಹೆಸರು ಹುಡುಕಿದಳು, ಇರಲಿಲ್ಲ. ಸಮಾಧಾನವಾಯಿತು. ಆಮೇಲೆ ಬೆರಳು ತಾನಾಗಿಯೇ ತನ್ನ ಹೆಸರನ್ನು ಬರೆಯಿತು. ಎಷ್ಟೋ ಕಾಲದಿಂದ ಯಾರೂ ಕರೆಯದ ಹೆಸರು, ಗಂಡನ ಹೆಸರನ್ನು ಬಾಲದಂತೆ ಕಟ್ಟಿಕೊಂಡೇ ಎದ್ದು ಬಂತು. ಪಕ್ಕದಲ್ಲಿ: ರಿವಾಲ್ವರ್, ಒಂದು. ಅದರ ಪಕ್ಕದಲ್ಲಿ ದೊಡ್ಡಮ್ಮನ ಅಂಗಡಿಯ ಬೀದಿ, ಮನೆಯ ಸಂಖ್ಯೆ, ಹಿಂಬದಿಯ ಕೋಣೆ ಎನ್ನುವುದರ ಸಮೇತ.

ಅವಳು ಮೆಟ್ಟಿಲು ಹತ್ತಿ ಒಳಗೆ ಬಂದು ಬಾಗಿಲು ಹಾಕಿಕೊಂಡಳು.

ಪತ್ರಿಕೆಯ ಕಚೇರಿಗೆ ಫೋನ್ ಮಾಡಿದಳು. ಎತ್ತಿಕೊಂಡ ಹುಡುಗಿ ಬಹಳ ಸಭ್ಯಸ್ಥೆ. ಇದು ಸಾರ್ವಜನಿಕರ ಹಕ್ಕು, ಸರ್ಕಾರದ ದಾಖಲೆಯಲ್ಲಿ ಇಲ್ಲದ್ದನ್ನು ತಾವು ಒಂದಕ್ಷರವೂ ಸೇರಿಸಿಲ್ಲ ಎಂದು ವಿವರಿಸಿದಳು. ಹೆಸರು ತೆಗೆಯಿಸಬೇಕಾದರೆ ದಾರಿಯೇನೋ ಇತ್ತು.

"ಒಂದು ಅರ್ಜಿ ಕಳಿಸಿ ಮೇಡಂ. ಜೊತೆಗೆ ಈಗಿರೋ ಮನೆಯ ವಿಳಾಸಕ್ಕೆ ಒಂದು ಪುರಾವೆ ಇಡಿ."

ನೀಲಿ ಫೋನ್ ಇಟ್ಟಳು. ದೊಡ್ಡಮ್ಮನಿಗೆ ಮಾಡಿದಳು. ಗಂಟೆ ಬಡಿದು ಬಡಿದು ನಿಂತಿತು. ಮತ್ತೆ ಮಾಡಿದಳು. ದೊಡ್ಡಮ್ಮ ಪತ್ರಿಕೆ ಓದುವವಳಲ್ಲ. ಅವಳ ಅಂಗಡಿಯ ಬಾಗಿಲು ಬೆಳಕು ಹರಿದಾಗ ತೆರೆದರೆ ಮುಚ್ಚುವುದು ದೀಪ ಹಚ್ಚಿದ ಮೇಲೆ. ಬಂದವರೆಲ್ಲ ಗಿರಾಕಿಗಳೇ, ಬಂದವರಿಗೆಲ್ಲ ಕುರ್ಚಿ, ನೀರು. ಅವನನ್ನು ದೊಡ್ಡಮ್ಮ ಕಂಡವಳೂ ಅಲ್ಲ, ಒಂದು ಫೋಟೋ ಕೂಡ ತೋರಿಸಿರಲಿಲ್ಲ. ಅವನ ಮುಖವಿದ್ದ ಫೋಟೋಗಳನ್ನೆಲ್ಲ ನೀಲಿ ಎಂದೋ ಹರಿದು ಒಲೆಗೆ ಹಾಕಿದ್ದಳು. ಅಂಗಡಿಯ ತುಂಬ ಬಟ್ಟೆ. ಒಂದು ಕಡ್ಡಿ ಸಾಕು.

ಮೂರನೆಯ ಸಲವೂ ಯಾರೂ ಎತ್ತದಿದ್ದಾಗ ಅವಳು ಹೊರಟೇಬಿಟ್ಟಳು.

ಪೆಟ್ಟಿಗೆಯ ಬೀಗ ತೆಗೆದು, ರಿವಾಲ್ವರನ್ನು ಬಟ್ಟೆಯ ತುಂಡಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದಳು. ಗುಂಡು? ಪುಟ್ಟಿ ಕಿಟಕಿಯ ಕೆಳಗೆ, ಪರದೆಗೆ ಬೆನ್ನು ಒರಗಿಸಿಕೊಂಡೇ ಕೂತು ಬಣ್ಣ ಹಚ್ಚುತ್ತಿದ್ದಳು. ಅವಳೆದುರು ಅಂಚು ಬಿಚ್ಚುವುದು ಹೇಗೆ? ನಾಳೆಯಿಂದ ಆ ಪರದೆ ಅವಳಿಗೆ ಪರದೆಯಾಗಿ ಉಳಿಯುತ್ತದೆಯೇ? ತೋರಿಸಿದರೆ ಸಾಕು ಎಂದುಕೊಂಡಳು ನೀಲಿ. ತನ್ನ ಕೈಯಲ್ಲಿ ಬಂದೂಕು ಕಂಡರೆ ಯಾರಾದರೂ ಹೆದರಬೇಕಲ್ಲ.

ಮಗಳನ್ನು ಜೊತೆಗೆ ಕರೆದೊಯ್ಯುವ ಯೋಚನೆ ಬಂದಷ್ಟೇ ಬೇಗ ಹೋಯಿತು. ಬೆಂಕಿ ಇರುವಲ್ಲಿಗೆ ಮಗುವನ್ನು ಕೊಂಡೊಯ್ಯುವುದೇ? ನಕ್ಷೆಯಲ್ಲಿ ಅವಳ ಚುಕ್ಕಿ ಬಿದ್ದದ್ದು ದೊಡ್ಡಮ್ಮನ ಬೀದಿಗೆ. ಕೆಳಮನೆಯ ಚುಕ್ಕಿ ಕಂಡಕ್ಟರ್ ಅಣ್ಣನದು, ಈ ಮಹಡಿಯ ಮೇಲೆ ಚುಕ್ಕಿಯೇ ಇಲ್ಲ. ಇವತ್ತಿನ ಮಟ್ಟಿಗೆ ಭೂಮಿಯ ಮೇಲೆ ಇದಕ್ಕಿಂತ ಭದ್ರವಾದ ಕೋಣೆ ಬೇರೆ ಇರಲಿಲ್ಲ. ಕೆಳಗಿನ ಮನೆಯಲ್ಲಿ ಬಿಡೋಣವೆಂದರೆ ಅಲ್ಲಿ ಅಳು, ಜನ, ಪ್ರಶ್ನೆ.

ಯಾರು ಕರೆದರೂ ಚಿಲಕ ತೆಗೆಯಬೇಡ, ಹೊಸ ಗಂಟು ತರುವ ಗಂಟು ಮಾಮನಿಗೆ ಮಾತ್ರ ತೆಗೆ ಎಂದು ಹೇಳಿದಳು. ಅದು ದಿನವೂ ಹೇಳುವ ಮಾತೇ. ಪುಟ್ಟಿ ತಲೆ ಎತ್ತದೆ ಹೂಂ ಅಂದಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ನೀಲಿ ಮೆಟ್ಟಿಲಿಳಿದದ್ದು.

ಬಸ್ಸಿನಲ್ಲಿಯೂ ಅದೇ ಮಾತು. ಹಿಂದಿನ ಸೀಟಿನ ಗಂಡಸೊಬ್ಬ ತನ್ನ ಬಾಸ್ ಹೆಸರು ಸಿಕ್ಕಿತೆಂದು ಖುಷಿಪಡುತ್ತಿದ್ದ. ಅವನ ಗೆಳೆಯ, ಯಾರ ಮನೆಯಲ್ಲಿ ಬಂದೂಕು ಇಲ್ಲ ಎನ್ನುವುದೂ ಗೊತ್ತಾಯಿತಲ್ಲ, ಕಳ್ಳರಿಗೆ ಸುಗ್ಗಿ ಎಂದ. ಚೀಲವನ್ನು ಮಡಿಲಲ್ಲಿಟ್ಟುಕೊಂಡ ನೀಲಿಗೆ, ಅದರೊಳಗಿನ ವಸ್ತು ಬಟ್ಟೆಯನ್ನು ಸೀಳಿಕೊಂಡು ಎಲ್ಲರ ಕಣ್ಣಿಗೆ ಕಾಣುತ್ತಿದೆ ಎನಿಸಿತು. ಕಿಟಕಿಯಾಚೆ ಮನೆಗಳು ಸರಿದುಹೋದವು, ಒಂದೊಂದು ಮನೆಗೂ ಒಂದೊಂದು ಪರದೆ. ಈವರೆಗೆ ಅವಳಿಗೆ ಪರದೆಗಳು ನಿದ್ದೆಗಣ್ಣಿನ ರೆಪ್ಪೆಗಳಂತೆ ಕಾಣುತ್ತಿದ್ದವು. ಇವತ್ತು ಪ್ರತಿಯೊಂದರ ಹಿಂದೆಯೂ ಯಾರೋ ನಿಂತಿದ್ದರು.

ಅಂಗಡಿ ಸುಟ್ಟಿರಲಿಲ್ಲ. ಬಾಗಿಲು ಎಂದಿನಂತೆ ಹಾರು ಹೊಡೆದಿತ್ತು. ದೊಡ್ಡಮ್ಮ ಯಂತ್ರದ ಮುಂದೆ, ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು, ಸೂಜಿಗೆ ದಾರ ಪೋಣಿಸುತ್ತ ಕೂತಿದ್ದಳು. ನೀಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ನಗುವೋ ಅಳುವೋ ತಿಳಿಯದ ಒಂದು ಸದ್ದು ಬಂತು ಅವಳ ಗಂಟಲಿಂದ.

"ಏನೇ ಇದು, ದೆವ್ವ ಕಂಡೋರ ಹಾಗೆ?" ಎಂದಳು ದೊಡ್ಡಮ್ಮ. ಫೋನ್ ಎಲ್ಲಿ ಎಂದು ಕೇಳಿದರೆ ಅತ್ತಿತ್ತ ತಡಕಾಡಿ, ಮಖಮಲ್ಲಿನ ರಾಶಿಯ ಕೆಳಗಿನಿಂದ ಎಳೆದು ತೆಗೆದಳು. ನೀಲಿ ನಕ್ಷೆಯ ವಿಷಯ ಹೇಳಿದಳು. ದೊಡ್ಡಮ್ಮ ಕೇಳಿಸಿಕೊಂಡು, ಪತ್ರಿಕೆಯವರ ಏಳು ತಲೆಮಾರನ್ನು ನೆನೆಸಿಕೊಂಡು, ಕೊನೆಗೆ ಧೈರ್ಯ ಹೇಳಿದಳು. ಬೆಳಗಿನಿಂದ ಪುಂಡರು ಯಾರೂ ಈ ಕಡೆ ಬಂದಿಲ್ಲ. ಬಂದದ್ದು ಒಬ್ಬನೇ ಗಂಡಸು, ಬಾಗಿಲು ತೆರೆಯುವ ಹೊತ್ತಿಗೇ ಬಂದಿದ್ದ, ಪಾಪ ಒಳ್ಳೆಯ ಗಿರಾಕಿ. ಕೂತು ನೀರು ಕುಡಿದ, ಪರದೆ ನೋಡಿದ.

ಅವನು ಏನು ಕೇಳಿದ ಎಂದಳು ನೀಲಿ.

"ಏನೂ ಕೇಳ್ಲಿಲ್ಲ ಕಣೇ. ನಿಂದೇ ಒಂದು ಪರದೆ ಅಲ್ಲಿ ನೇತು ಹಾಕಿದ್ನಲ್ಲ, ಅದರ ಅಂಚನ್ನ ಎತ್ತಿ ಎತ್ತಿ ನೋಡ್ದ. ಎಂಥ ಕೈ ಇದು, ಮೂಲೆಯಲ್ಲಿ ಹಿಂದಕ್ಕೆ ಬಂದು ಎರಡು ಸಲ ಹಾಕಿದಾರೆ, ಇಂಥ ಹೊಲಿಗೆ ಈಗ ಯಾರೂ ಹಾಕಲ್ಲ ಅಂದ. ನನಗೂ ಉಬ್ಬಿ ಹೋಯ್ತು ನೋಡು. ಹೌದಪ್ಪ, ನನ್ನ ಹತ್ರ ಅಷ್ಟು ಜನ ಇದ್ರೂ ಈ ಅಂಚು ಒಬ್ಬಳದೇ, ನಮ್ಮ ನೀಲಿದು ಅಂದೆ..."

ಮಾತು ಅಲ್ಲಿಗೆ ನಿಂತಿತು. ದೊಡ್ಡಮ್ಮನ ಕೈಯಿಂದ ಸೂಜಿ ಬಿತ್ತು.

ಆ ಹೊಲಿಗೆ ನೀಲಿಗೆ ಅವಳ ಅಜ್ಜಿ ಕಲಿಸಿದ್ದು. ಗಂಡನ ಮನೆಯಲ್ಲಿ ಅವನ ಅಂಗಿಯ ತೋಳು, ದಿಂಬಿನ ಚೀಲ, ಪುಟ್ಟಿಯ ಲಂಗ, ಎಲ್ಲದರ ಮೂಲೆಯಲ್ಲೂ ಅವಳು ಅದನ್ನೇ ಹಾಕುತ್ತಿದ್ದಳು. ವರ್ಷಗಟ್ಟಲೆ ಅವನು ಅದರ ಮೇಲೆ ತಲೆಯಿಟ್ಟು ಮಲಗಿದ್ದ. ಹೆಸರು ಬಿಟ್ಟು, ಊರು ಬಿಟ್ಟು, ಮುಖಕ್ಕೆ ಸೆರಗು ಎಳೆದುಕೊಂಡು ಬದುಕಿದವಳಿಗೆ ಕೈಯನ್ನು ಬದಲಿಸಬೇಕೆಂದು ಹೊಳೆದಿರಲಿಲ್ಲ. ಕಸುಬಿನ ಹೆಮ್ಮೆಯ ಮುದುಕಿಗೆ, ಒಳ್ಳೆಯ ಹೊಲಿಗೆಯನ್ನು ಹೊಗಳಿದವನ ಮುಂದೆ ಬಾಯಿ ಮುಚ್ಚಿಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆ ಪರದೆಯ ತುದಿಯಲ್ಲಿ ನೀಲಿ ದಾರ ತೂಗಾಡುತ್ತಿತ್ತು. ಅವನು ಕೂತು ನೀರು ಕುಡಿದ ಹೊತ್ತಿನಲ್ಲೇ ಹೊಸ್ತಿಲಾಚೆ ಗಂಟು ಮಾಮನ ಗಾಡಿಗೆ ಅದೇ ಬಣ್ಣದ ದಾರದ ಗಂಟು ಏರಿತ್ತು.

"ಮಾಮ ಹೊರಟು ಎಷ್ಟು ಹೊತ್ತಾಯ್ತು?"

ದೊಡ್ಡಮ್ಮ ಗೋಡೆಯ ಗಡಿಯಾರದ ಕಡೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

ನೀಲಿ ಗಂಟು ಮಾಮನಿಗೆ ಫೋನ್ ಮಾಡಿದಳು. ಅವನು ಮೊದಲ ಗಂಟೆಗೇ ಎತ್ತಿದ. ಹಿಂದೆ ಗಾಡಿಯ ಸದ್ದು.

"ಆಗ್ಲೇ ಕೊಟ್ಟು ಬಂದೆ ಕಣಮ್ಮ. ಪುಟ್ಟಿನೇ ಬಾಗಿಲು ತೆಗೆದ್ಲು. ನಿಮ್ಮಣ್ಣ ಅಂತೆ, ನನ್ನ ಹಿಂದೇನೇ ಬಂದ್ರು. ಮೆಟ್ಟಿಲ ಮೇಲೆ ಗಂಟಿಗೆ ಕೈ ಕೊಟ್ಟು ಎತ್ತಿದ್ರು ಪಾಪ, ಒಳ್ಳೆ ಮನುಷ್ಯ. ಯಾಕಮ್ಮ?"

ಅವಳು ಕಂಡಕ್ಟರ್ ಅಣ್ಣನ ನಂಬರಿಗೆ ಮಾಡಿದಳು. ಅದು ಅಕ್ಕಿ ಡಬ್ಬದೊಳಗೆ ಸತ್ತು ಬಿದ್ದಿತ್ತು. ದೊಡ್ಡಮ್ಮ ಪೊಲೀಸ್ ಠಾಣೆಗೆ ಫೋನ್ ಹಚ್ಚಿದರೆ ಅಲ್ಲಿ ಬರೀ ಕೊಂಯ್ ಎನ್ನುವ ಸದ್ದು. ಚುಕ್ಕಿ ಬಿದ್ದ ಮನೆಯವರೆಲ್ಲ ಬೆಳಗಿನಿಂದ ಅದೇ ನಂಬರಿಗೆ ಮೊರೆಯಿಡುತ್ತಿದ್ದರು. ನೀವು ಹಚ್ಚುತ್ತಲೇ ಇರಿ ಎಂದು ಹೇಳಿ ನೀಲಿ ಬೀದಿಗೆ ಓಡಿದಳು. ಸಿಕ್ಕ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಅವಳ ಬಾಯಲ್ಲಿ ಒಂದೇ ಮಾತು, ಒರಳುಕಲ್ಲು ಅಂತ ಹೇಳು ಪುಟ್ಟಿ, ಒರಳುಕಲ್ಲು ಅಂತ ಹೇಳು. ಗಾಡಿಯವನು ಕನ್ನಡಿಯಲ್ಲಿ ಅವಳನ್ನು ನೋಡಿ ಮತ್ತೆ ರಸ್ತೆಯ ಕಡೆ ಕಣ್ಣು ತಿರುಗಿಸಿಕೊಂಡ.

ಅಂಗಳ ಖಾಲಿಯಾಗಿತ್ತು. ಕಂಡಕ್ಟರ್ ಅಣ್ಣನ ಬಾಗಿಲು ಕಿಟಕಿ ಎಲ್ಲ ಮುಚ್ಚಿದ್ದವು. ಅವಳು ಬಡಿದಳು, ಒಳಗಿನಿಂದ, ಬಂದೂಕೂ ಇಲ್ಲ ಗಿಂದೂಕೂ ಇಲ್ಲ, ಹೋಗ್ರಯ್ಯ ಎಂಬ ಕೂಗು. ಅಣ್ಣ ನಾನು ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಲಿನಿಂದ ಅವಳ ಹೆಸರು ಹಿಡಿದು ಕರೆದ ಸದ್ದು. ನೀಲಿ ಎಂದಲ್ಲ, ಆ ಹಳೆಯ ಹೆಸರು. ಮೆಲ್ಲಗೆ, ಊಟಕ್ಕೆ ಕರೆಯುವ ಹಾಗೆ.

ಅವನು ಅವಳ ಹೊಲಿಗೆಯ ಸ್ಟೂಲಿನ ಮೇಲೆ ಕೂತಿದ್ದ. ತಲೆಗೂದಲು ಸ್ವಲ್ಪ ಬಿಳುಪಾಗಿತ್ತು. ಮೊಣಕಾಲುಗಳ ನಡುವೆ ಪುಟ್ಟಿಯನ್ನು ನಿಲ್ಲಿಸಿಕೊಂಡಿದ್ದ, ಅವಳ ಜಡೆ ಅವನ ಎಡಗೈಗೆ ಒಂದು ಸುತ್ತು ಸುತ್ತಿತ್ತು. ಬಲಗೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಅದನ್ನು ತೆರೆಯುತ್ತಿದ್ದ, ಮುಚ್ಚುತ್ತಿದ್ದ, ತೆರೆಯುತ್ತಿದ್ದ, ಮಗುವಿನ ಕಿವಿಯ ಹತ್ತಿರ. ಪುಟ್ಟಿ ಅಳುತ್ತಿರಲಿಲ್ಲ. ನೆಲದ ಮೇಲೆ ಹೊಸ ಗಂಟು ಬಿಚ್ಚದೆ ಬಿದ್ದಿತ್ತು.

"ಹತ್ತಿರ ಬರಬೇಡ," ಎಂದ. "ನಿನ್ನ ಹತ್ರ ಬಂದೂಕಿದೆ. ನಾನೂ ಪೇಪರ್ ಓದ್ತೀನಿ."

ಅಷ್ಟೂ ವರ್ಷ ಅವಳನ್ನು ಕಾಯ್ದದ್ದು, ಬಂದೂಕಿನ ವಿಷಯವೊಂದು ಅವನಿಗೆ ತಿಳಿಯದೇ ಇದ್ದದ್ದು. ಅವನೊಂದು ದಿನ ಬರಿಗೈಯಲ್ಲಿ ಬಾಗಿಲಿಗೆ ಬರುತ್ತಾನೆ, ತನ್ನ ಕೈಯಲ್ಲಿ ಅದಿರುತ್ತದೆ, ಅವನ ಮುಖ ಬಿಳಿಚಿಕೊಳ್ಳುತ್ತದೆ ಎಂದು ಅವಳು ಎಷ್ಟು ರಾತ್ರಿ ಕನಸು ಕಟ್ಟಿದ್ದಳೋ. ಈಗ ಅವನು ತಿಳಿದುಕೊಂಡೇ ಬಂದಿದ್ದ, ತಿಳಿದುಕೊಂಡೇ ಮಗುವನ್ನು ಮುಂದೆ ನಿಲ್ಲಿಸಿಕೊಂಡಿದ್ದ.

ಚೀಲದಿಂದ ತೆಗೆದು ಮೇಜಿನ ಮೇಲಿಡು ಎಂದ. ಇಟ್ಟಳು. ದೂರ ಸರಿ ಎಂದ. ಸರಿದಳು. ಅವನು ಕತ್ತರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಜಡೆಯನ್ನು ಬಿಡದೆಯೇ, ರಿವಾಲ್ವರನ್ನು ಎತ್ತಿಕೊಂಡು ತಿರುಗಿಸಿ ನೋಡಿದ. ಒಳಗೆ ಖಾಲಿ ಇರುವುದನ್ನು ಕಂಡು ಹುಬ್ಬು ಏರಿಸಿದ.

"ಗುಂಡೆಲ್ಲಿ?"

ಪರದೆ ಅವನ ಬೆನ್ನ ಹಿಂದೆಯೇ ಇತ್ತು. ಒಂದು ಮಡಿಕೆ ಅವನ ಭುಜವನ್ನು ಸವರುತ್ತಿತ್ತು.

"ತಗೊಂಡೇ ಇಲ್ಲ," ಎಂದಳು ನೀಲಿ. "ನನಗೆ ಅದನ್ನ ಹಾರಿಸೋಕೆ ಬರಲ್ಲ. ಸುಮ್ನೆ ಧೈರ್ಯಕ್ಕೆ ಇಟ್ಕೊಂಡಿದ್ದೆ."

ಅವನು ನಕ್ಕ. ಮನಸಾರೆ ನಕ್ಕ. ಅವನಿಗೆ ಗೊತ್ತಿದ್ದ ಹೆಂಗಸು ಅದೇ, ಜಿರಳೆಗೆ ಪೊರಕೆ ಎತ್ತಲು ಕೂಡ ಹಿಂಜರಿಯುವವಳು. ಇದಕ್ಕಿಂತ ಸಲೀಸಾಗಿ ನಂಬುವ ಸುಳ್ಳು ಅವನಿಗೆ ಬೇರೆ ಇರಲಿಲ್ಲ. ಪರವಾಗಿಲ್ಲ, ಲೈಸೆನ್ಸ್ ಇರುವುದು ನಿನ್ನ ಹೆಸರಲ್ಲಿ, ನಾಳೆ ನೀನೇ ಹೋಗಿ ಗುಂಡು ತಂದುಕೊಡುವೆಯಂತೆ ಎಂದು ಅದನ್ನು ಅಂಗಿಯೊಳಗೆ ಇಳಿಸಿಕೊಂಡ. ಆಮೇಲೆ, ನಡಿ ಮನೆಗೆ ಹೋಗೋಣ ಎಂದ. ಎಂಥ ಮನೆ, ಯಾಕೆ ಬರಬೇಕು ಎಂದು ಅವಳು ಕೇಳಲಿಲ್ಲ. ಕತ್ತರಿ ಮತ್ತೆ ಅವನ ಕೈಗೆ ಬಂದಿತ್ತು.

ಪುಟ್ಟಿಯ ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡಳು. ದಿಂಬಿನ ಕೆಳಗಿದ್ದ ಸುಟ್ಟಗಾಯದ ಮುಲಾಮು ಹಾಕಿಕೊಂಡಳು. ಕಿಟಕಿಯ ಹತ್ತಿರ ನಿಂತಳು.

"ಈ ಪರದೆ ತಗೋತೀನಿ. ನಾನೇ ಹೊಲಿದದ್ದು."

ಅವನು ಅವಳನ್ನು ನೋಡಿದ. ಎದ್ದು ಬಂದು ಪರದೆಯ ಕೆಳಗಿನ ಅಂಚನ್ನು ಕೈಯಲ್ಲಿ ಹಿಡಿದು ತೂಗಿದ. ಹೆಬ್ಬೆರಳು ಒಂದು ಉಬ್ಬಿನ ಮೇಲೆ ನಿಂತಿತು.

"ಇದೇನು ಇಷ್ಟು ಭಾರ?"

"ಸೀಸದ ತುಂಡು. ಗಾಳಿಗೆ ಹಾರದೇ ಇರ್ಲಿ ಅಂತ ಹಾಕ್ತಾರೆ."

ಪುಟ್ಟಿ ತಾಯಿಯ ಮುಖ ನೋಡಿದಳು. ಹಾಕುತ್ತಾರೆ ಎನ್ನುವುದು ಅವಳಿಗೂ ಗೊತ್ತಿತ್ತು, ಎಷ್ಟೋ ಸಲ ಅಮ್ಮನಿಗೆ ಸೀಸದ ತುಂಡುಗಳನ್ನು ಒಂದೊಂದಾಗಿ ಎತ್ತಿಕೊಟ್ಟಿದ್ದಳು. ಅವನು ಅಂಚನ್ನು ಬಿಟ್ಟ. ಹೆಂಗಸರ ಬುದ್ಧಿ, ಪ್ರಾಣ ಹೋಗುವಾಗಲೂ ಪರದೆ ಬೇಕು ಎಂದು ಪುಟ್ಟಿಗೆ ಕಣ್ಣು ಮಿಟುಕಿಸಿದ. ಪುಟ್ಟಿ ನಗಲಿಲ್ಲ.

ಮೆಟ್ಟಿಲಿಳಿಯುವಾಗ ಅವನು ಮಗಳ ಕೈ ಹಿಡಿದಿದ್ದ. ಅಂಗಳದಲ್ಲಿ ಇಸ್ತ್ರಿಯವನು ಎದುರಾದ. ಅಣ್ಣ ಬಂದಿದ್ದಾರೆ, ತವರಿಗೆ ಹೋಗಿ ಬರುತ್ತೇನೆ ಎಂದಳು ನೀಲಿ. ಹೋಗಿ ಬನ್ನಿ ಅಕ್ಕ ಎಂದ ಅವನು. ಚೀಲದಲ್ಲಿ ಅವಳ ಫೋನು ಬಡಿದುಕೊಂಡಿತು, ದೊಡ್ಡಮ್ಮನದೇ ಇರಬೇಕು. ಅವನು ಅದನ್ನು ತೆಗೆದು ಆರಿಸಿ ಚರಂಡಿಗೆ ಬಿಟ್ಟ. ಹಿಂದೆ ತಿರುಗಿ ನೋಡಿದರೆ ಅವಳ ಕಿಟಕಿ ಬೋಳಾಗಿ, ಒಳಗಿನ ಗೋಡೆ, ಮೊಳೆಗೆ ನೇತು ಹಾಕಿದ ಅಳತೆಯ ಟೇಪು, ಪುಟ್ಟಿ ಬಣ್ಣ ಹಚ್ಚಿ ಅಂಟಿಸಿದ ಹಸಿರು ಗಿಳಿ, ಎಲ್ಲವೂ ಬೀದಿಗೆ ಕಾಣುತ್ತಿದ್ದವು.

ಅವನ ಕಾರು ಊರು ದಾಟಿತು. ಅವನು ಕಿಟಕಿ ಇಳಿಸಿ ಏನೋ ಗುನುಗುತ್ತಿದ್ದ. ಪುಟ್ಟಿ ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕೆಗೆ ಒತ್ತಿಕೊಂಡು ಕೂತಿದ್ದವಳು, ಬಹಳ ಹೊತ್ತಿನ ಮೇಲೆ, ಅವಳ ಕಿವಿಗಷ್ಟೇ ಕೇಳುವ ಹಾಗೆ ಹೇಳಿದಳು:

"ಅವರು ಕೇಳಿದ್ರಮ್ಮ, ಅಮ್ಮ ಗನ್ ಎಲ್ಲಿಡ್ತಾಳೆ ಅಂತ. ನನಗೆ ಗೊತ್ತಿಲ್ಲ ಅಂದೆ."

ನೀಲಿ ಅವಳ ಜಡೆಯನ್ನು ನೇವರಿಸಿದಳು. ಮಡಿಚಿದ ಪರದೆ ಅವಳ ಮಡಿಲಲ್ಲಿತ್ತು, ಮಲಗಿದ ಪ್ರಾಣಿಯಷ್ಟು ಭಾರ. ಬಂದೂಕು ಅವನ ಅಂಗಿಯೊಳಗಿತ್ತು, ಆದರೆ ರಾತ್ರಿಯಾದರೆ ಅವನೂ ಅಂಗಿ ಕಳಚಿ ಮಲಗಲೇಬೇಕು. ಅದರ ಕೆಳಗೆ, ಯಾರಿಗೂ ಕಾಣದಂತೆ, ಅವಳ ಉಗುರು ಅಂಚಿನ ಮೂಲೆಯನ್ನು ಹುಡುಕಿ ಒಂದು ಎಳೆಯನ್ನು ಮೀಟಲು ಶುರುಮಾಡಿತ್ತು. ಹಿಂದಕ್ಕೆ ಬಂದು ಎರಡು ಸಲ ಹಾಕಿದ ಹೊಲಿಗೆ. ಅಜ್ಜಿ ಕಲಿಸಿದ್ದು. ಅಷ್ಟು ಸುಲಭಕ್ಕೆ ಬಿಚ್ಚಿಕೊಳ್ಳುವಂಥದಲ್ಲ.